ಹುಡುಕುಪೆಟ್ಟಿಗೆಯ ಹಿಂದೆ ಏನಿದೆ? ಹೊಸಬರಿಗಾಗಿ ಅಂತರ್ಜಾಲದ ಹುಡುಕು ಸಾಧನಗಳ ಪರಿಚಯ

ದಾವಣಗೆರೆಯ ಎಪಿಎಂಸಿಯಲ್ಲಿ ಇಂದು ಮೆಕ್ಕೆಜೋಳದ ಧಾರಣೆ ಎಷ್ಟಿದೆ, ಚಿತ್ರದುರ್ಗದ ಚಂದ್ರವಳ್ಳಿಯ ಶಾಸನದಲ್ಲಿ ಏನು ಬರೆದಿದೆ, ಜಗಳೂರು ತಾಲ್ಲೂಕಿನ ಜಮೀನೊಂದರ ಪಹಣಿ ಯಾರ ಹೆಸರಿನಲ್ಲಿದೆ, ಹತ್ತಿರದಲ್ಲಿ ಬೆಣ್ಣೆದೋಸೆ ಎಲ್ಲಿ ಸಿಗುತ್ತದೆ ಎಂಬ ನಾಲ್ಕು ಪ್ರಶ್ನೆಗಳನ್ನು ಅಂತರ್ಜಾಲಕ್ಕೆ ಹೊಸಬರಾದವರು ಒಂದೇ ಪೆಟ್ಟಿಗೆಯಲ್ಲಿ ಬರೆದು ಉತ್ತರಕ್ಕೆ ಕಾಯುವುದುಂಟು. ಈ ನಾಲ್ಕರ ಉತ್ತರಗಳು ಇರುವುದು ನಾಲ್ಕು ಬೇರೆ ಕಡೆ. ಮೊದಲನೆಯದು ಕೃಷಿ ಮಾರಾಟ ಇಲಾಖೆಯ ದತ್ತಾಂಶದಲ್ಲಿದೆ. ಎರಡನೆಯದು ಮೈಸೂರು ಸಂಸ್ಥಾನದ ಕಾಲದಲ್ಲಿ ಅಚ್ಚಾದ ಪುರಾತತ್ವ ವರದಿಯಲ್ಲಿದೆ. ಮೂರನೆಯದು ಕಂದಾಯ ಇಲಾಖೆಯ ಭೂಮಿ ತಂತ್ರಾಂಶದೊಳಗಿದೆ. ನಾಲ್ಕನೆಯದು ಹೋಟೆಲಿನ ಮಾಲೀಕರೋ ಗಿರಾಕಿಗಳೋ ನಕ್ಷೆಯಲ್ಲಿ ಸೇರಿಸಿದ ವಿವರದಲ್ಲಿದೆ. ಆದ್ದರಿಂದ ಏನನ್ನಾದರೂ ಹುಡುಕುವ ಮುನ್ನ, ಬೇಕಾದ ಮಾಹಿತಿಯನ್ನು ಯಾರು ಬರೆದಿಟ್ಟಿರಬಹುದು ಮತ್ತು ಎದುರಿಗಿರುವ ಸಾಧನಕ್ಕೆ ಅಲ್ಲಿಯವರೆಗೆ ತಲುಪಲು ಸಾಧ್ಯವೇ ಎಂದು ಕೇಳಿಕೊಳ್ಳುವುದನ್ನು ರೂಢಿ ಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆಯೇ.

ಮೊದಲು ಒಂದು ಗೊಂದಲವನ್ನು ಬಗೆಹರಿಸಿಕೊಳ್ಳೋಣ. ಕ್ರೋಮ್, ಫೈರ್‌ಫಾಕ್ಸ್, ಎಡ್ಜ್ ಇವು ಬ್ರೌಸರ್‌ಗಳು, ಅಂದರೆ ಜಾಲತಾಣಗಳನ್ನು ತೆರೆದು ತೋರಿಸುವ ತಂತ್ರಾಂಶಗಳು. ಗೂಗಲ್, ಬಿಂಗ್, ಡಕ್‌ಡಕ್‌ಗೋ ಇವು ಸರ್ಚ್ ಎಂಜಿನ್‌ಗಳು. ಯಾವ ಬ್ರೌಸರ್‌ನಲ್ಲಿ ಬೇಕಾದರೂ ಇವುಗಳನ್ನು ಬಳಸಬಹುದು. ಬ್ರೌಸರಿನ ಮೇಲ್ತುದಿಯ ಪಟ್ಟಿಯಲ್ಲಿ ಪೂರ್ಣ ವಿಳಾಸವನ್ನು ಬರೆದರೆ ಆ ತಾಣವೇ ನೇರವಾಗಿ ತೆರೆಯುತ್ತದೆ, ಬರೀ ಪದಗಳನ್ನು ಬರೆದರೆ ಅವು ಸರ್ಚ್ ಎಂಜಿನ್ನಿಗೆ ಹೋಗುತ್ತವೆ. ವಿಳಾಸ ಗೊತ್ತಿರುವ ತಾಣವನ್ನು, ಅದರಲ್ಲೂ ಬ್ಯಾಂಕಿನ ತಾಣವನ್ನು, ಹುಡುಕಿ ತೆರೆಯಬಾರದು. ವಿಳಾಸ ಬರೆದೇ ತೆರೆಯಬೇಕು. ಕಾರಣವನ್ನು ಕೊನೆಯಲ್ಲಿ ಹೇಳುತ್ತೇನೆ.

ಸರ್ಚ್ ಎಂಜಿನ್ ಕೆಲಸ ಮಾಡುವ ಬಗೆ

ಹುಡುಕು ಎಂದು ಒತ್ತಿದ ಕ್ಷಣದಲ್ಲಿ ಗೂಗಲ್ ಜಗತ್ತಿನ ತಾಣಗಳನ್ನೆಲ್ಲ ಸುತ್ತಿ ಬರುತ್ತದೆ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಸುತ್ತುವ ಕೆಲಸವನ್ನು ಕ್ರಾಲರ್ ಎಂಬ ತಂತ್ರಾಂಶ ಮೊದಲೇ ಮಾಡಿರುತ್ತದೆ: ಒಂದು ಪುಟವನ್ನು ಓದಿ, ಅದರಲ್ಲಿರುವ ಕೊಂಡಿಗಳನ್ನು ಹಿಡಿದು ಮುಂದಿನ ಪುಟಕ್ಕೆ ಹೋಗಿ, ಅಲ್ಲಿಂದ ಮತ್ತೊಂದಕ್ಕೆ ಹೀಗೆ ಸಾಗುತ್ತ, ಯಾವ ಪದ ಯಾವ ಪುಟದಲ್ಲಿದೆ ಎಂಬ ಸೂಚಿಯನ್ನು, ಪುಸ್ತಕದ ಕೊನೆಯಲ್ಲಿರುವ ಪದಸೂಚಿಯಂತೆ, ಸಿದ್ಧಪಡಿಸಿಡುತ್ತದೆ. ನಾವು ಹುಡುಕುವುದು ಆ ಸೂಚಿಯಲ್ಲಿ. 1990ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಅಲನ್ ಎಮ್‌ಟೇಜ್ ರೂಪಿಸಿದ ಆರ್ಚಿ ಎಂಬ ಸಾಧನಕ್ಕೆ ಕಡತಗಳ ಹೆಸರು ಮಾತ್ರ ತಿಳಿಯುತ್ತಿತ್ತು, ಒಳಗಿನ ಬರಹ ತಿಳಿಯುತ್ತಿರಲಿಲ್ಲ. 1995ರ ಆಲ್ಟಾವಿಸ್ಟಾ ಪುಟಗಳ ಪೂರ್ತಿ ಬರಹವನ್ನು ಸೂಚಿಗೆ ಸೇರಿಸಿ ಹೆಸರಾಯಿತು. 1998ರಲ್ಲಿ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ಆರಂಭಿಸಿದ ಗೂಗಲ್, ಒಂದು ಪುಟಕ್ಕೆ ಬೇರೆ ಎಷ್ಟು ಪುಟಗಳು, ಎಂಥ ಪುಟಗಳು ಕೊಂಡಿ ಕೊಟ್ಟಿವೆ ಎಂಬುದನ್ನು ಎಣಿಸಿ ಫಲಿತಾಂಶಗಳ ಸರದಿ ನಿರ್ಧರಿಸಿದ್ದರಿಂದ ಮುಂದೆ ಹೋಯಿತು. ಇಂದು ಈ ಲೆಕ್ಕಾಚಾರದಲ್ಲಿ ನೀವಿರುವ ಊರು, ಬಳಸುವ ಭಾಷೆ, ಪುಟದ ಹೊಸತನ ಮೊದಲಾದ ಎಷ್ಟೋ ಅಂಶಗಳು ಸೇರಿಕೊಂಡಿವೆ.

ಇಷ್ಟು ತಿಳಿದರೆ ಬಳಕೆಗೆ ಬೇಕಾದ ಮೂರು ಸಂಗತಿಗಳು ತಾವಾಗಿಯೇ ಹೊಳೆಯುತ್ತವೆ. ಫಲಿತಾಂಶದಲ್ಲಿ ಕಾಣುವ ತುಣುಕು ಕ್ರಾಲರ್ ಕಳೆದ ಸಲ ಬಂದಾಗ ಇದ್ದ ಬರಹವೇ ಹೊರತು ಈ ಗಳಿಗೆಯದಲ್ಲ, ಆದ್ದರಿಂದ ಧಾರಣೆ, ಕೊನೆಯ ದಿನಾಂಕ, ರೈಲಿನ ಸಮಯಗಳನ್ನು ತುಣುಕಿನಲ್ಲಿ ಓದಿ ನಂಬದೆ ಪುಟವನ್ನೇ ತೆರೆದು ನೋಡಬೇಕು. ಯಾರೂ ಕೊಂಡಿ ಕೊಡದ ಪುಟ ಕ್ರಾಲರಿನ ಕಣ್ಣಿಗೆ ಬೀಳದೇ ಇರಬಹುದು. ಇನ್ನು, ಮೊದಲ ಸ್ಥಾನದಲ್ಲಿರುವುದು ಜನ ಹೆಚ್ಚು ಉಲ್ಲೇಖಿಸಿದ ಪುಟವಾಗಿರಬಹುದು, ನಿಮ್ಮ ಪದಗಳಿಗೆ ಹೆಚ್ಚು ಹೊಂದುವ ಪುಟವಾಗಿರಬಹುದು. ಅದೇ ಹೆಚ್ಚು ಸತ್ಯ ಎಂಬ ಅರ್ಥ ಮಾತ್ರ ಅದಕ್ಕಿಲ್ಲ.

ಪ್ರಶ್ನೆಯನ್ನು ಬರೆಯುವಾಗ, ಉತ್ತರವಿರುವ ಪುಟದಲ್ಲಿ ಯಾವ ಪದಗಳು ಇರಬಹುದು ಎಂದು ಊಹಿಸಿ ಅವನ್ನೇ ಬರೆಯಬೇಕು. ಚಂದ್ರವಳ್ಳಿಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ‘ಚಂದ್ರವಳ್ಳಿ’ ಎಂದಷ್ಟೇ ಬರೆದರೆ ಪ್ರವಾಸದ ಪುಟಗಳು, ಗುಹೆಯ ಚಿತ್ರಗಳು, ಕೆರೆಯ ದಂಡೆಯ ವಿಡಿಯೊಗಳು ಬಂದು ಬೀಳುತ್ತವೆ. ‘ಚಂದ್ರವಳ್ಳಿ ಮಯೂರಶರ್ಮ ಶಾಸನ ಕೆರೆ ಪ್ರಾಕೃತ’ ಎಂದು ಬರೆದರೆ, ಕದಂಬ ಮಯೂರಶರ್ಮನು ಅಲ್ಲಿ ಕೆರೆ ಕಟ್ಟಿಸಿದ್ದನ್ನು ಹೇಳುವ ಪ್ರಾಕೃತ ಭಾಷೆಯ ಶಾಸನದ ಬರಹಗಳು ಮೇಲೆ ಬರುತ್ತವೆ. ಪ್ರವಾಸದ ಪುಟಗಳು ಇನ್ನೂ ಅಡ್ಡ ಬಂದರೆ, ಬೇಡದ ಪದದ ಮೊದಲ ಅಕ್ಷರಕ್ಕೆ ಮುಂಚೆ, ಜಾಗ ಬಿಡದೆ, ಒಂದು ಕಳೆಯುವ ಚಿಹ್ನೆ ಹಾಕಿದರಾಯಿತು. ಒಂದೇ ತಾಣದೊಳಗೆ ಹುಡುಕಬೇಕೆಂದರೆ ಇಂಗ್ಲಿಷ್ ಅಕ್ಷರಗಳಲ್ಲಿ ‘ಸೈಟ್’ ಎಂದು ಬರೆದು, ಎರಡು ಚುಕ್ಕಿಯ ಕೋಲನ್ ಚಿಹ್ನೆ ಹಾಕಿ, ಜಾಗ ಬಿಡದೆ ಆ ತಾಣದ ವಿಳಾಸ ಬರೆಯಬೇಕು. ಕರ್ನಾಟಕ ಸರ್ಕಾರದ ತಾಣಗಳಲ್ಲಿ ಮಾತ್ರ ಸುತ್ತೋಲೆಯೊಂದನ್ನು ಹುಡುಕಲು ಇದಕ್ಕಿಂತ ಚೆನ್ನಾದ ದಾರಿಯಿಲ್ಲ. ಅದೇ ರೀತಿಯಲ್ಲಿ ‘ಫೈಲ್‌ಟೈಪ್’ ಮತ್ತು ಕೋಲನ್ ಬರೆದು ‘ಪಿಡಿಎಫ್’ ಎಂದು ಸೇರಿಸಿದರೆ ಪಿಡಿಎಫ್ ಕಡತಗಳಷ್ಟೇ ಬರುತ್ತವೆ.

ಒಂದು ಪದಗುಚ್ಛ ಹಾಗೆಹಾಗೆಯೇ ಇರಬೇಕೆಂದರೆ ಅದನ್ನು ಉದ್ಧರಣ ಚಿಹ್ನೆಯೊಳಗೆ ಇಡಬೇಕೆಂದು ಎಲ್ಲ ಕೈಪಿಡಿಗಳೂ ಹೇಳುತ್ತವೆ. ಇಂಗ್ಲಿಷಿಗೆ ಇದು ಸರಿ, ಕನ್ನಡಕ್ಕೆ ಸ್ವಲ್ಪ ಎಚ್ಚರ ಬೇಕು. ನಮ್ಮ ವಿಭಕ್ತಿ ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುವುದರಿಂದ ಚಿಹ್ನೆಯೊಳಗೆ ‘ಚಂದ್ರವಳ್ಳಿ ಶಾಸನ’ ಎಂದು ಇಟ್ಟರೆ ‘ಚಂದ್ರವಳ್ಳಿಯ ಶಾಸನ’ ಎಂದು ಬರೆದ ಒಳ್ಳೆಯ ಲೇಖನವೇ ತಪ್ಪಿಹೋಗಬಹುದು. ಕನ್ನಡದಲ್ಲಿ ಉದ್ಧರಣ ಚಿಹ್ನೆಯನ್ನು ವಚನದ ಸಾಲು, ಗಾದೆ, ಸಂಸ್ಥೆಯ ಪೂರ್ಣ ಹೆಸರು ಇಂಥ ಮಾರ್ಪಡದ ಗುಚ್ಛಗಳಿಗೆ ಮೀಸಲಿಡುವುದು ಲೇಸು.

ಕನ್ನಡದಲ್ಲಿ ಇದ್ದೂ ಸಿಗದ ಮಾಹಿತಿ

ಕನ್ನಡದಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ ಎಂಬ ದೂರು ಪೂರ್ತಿ ಸುಳ್ಳಲ್ಲ, ಆದರೆ ಅದರ ಕಾರಣಗಳು ತಿಳಿದಿದ್ದರೆ ಸಾಕಷ್ಟು ಸಿಗುತ್ತದೆ. ಮೊದಲ ಕಾರಣ ಅಕ್ಷರಗಳ ಸಂಕೇತೀಕರಣ. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಪದ್ಧತಿಯಲ್ಲಿ ಸಂಕೇತ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮೊದಲು, ಬಂದ ಮೇಲೂ ಎಷ್ಟೋ ಕಚೇರಿಗಳಲ್ಲಿ, ನುಡಿ ಮತ್ತು ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡುತ್ತಿದ್ದರು. ಅಂಥ ಪಿಡಿಎಫ್ ನಮ್ಮ ಕಣ್ಣಿಗೆ ಸೊಗಸಾದ ಕನ್ನಡವಾಗಿ ಕಂಡರೂ ಕಂಪ್ಯೂಟರಿನ ಮಟ್ಟಿಗೆ ಅದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಒಂದು ಸಾಲನ್ನು ನಕಲಿಸಿ ಬೇರೆಡೆ ಅಂಟಿಸಿದರೆ ಇದು ತಕ್ಷಣ ತಿಳಿಯುತ್ತದೆ. ಯೂನಿಕೋಡ್ ಕನ್ನಡದಲ್ಲಿ ನೀವು ಬರೆದ ಪದಕ್ಕೂ ಅದಕ್ಕೂ ತಾಳೆಯೇ ಆಗುವುದಿಲ್ಲ. ಇಂಥ ಕಡತವನ್ನು ಹಿಡಿಯಲು ಆದೇಶದ ಸಂಖ್ಯೆ, ದಿನಾಂಕ, ಇಲಾಖೆಯ ಇಂಗ್ಲಿಷ್ ಹೆಸರುಗಳನ್ನು ಬಳಸಬೇಕು, ಇಲ್ಲವೇ ಇಲಾಖೆಯ ತಾಣದಲ್ಲಿರುವ ಸುತ್ತೋಲೆಗಳ ಪಟ್ಟಿಯನ್ನೇ ತೆರೆದು ಕಣ್ಣಾಡಿಸಬೇಕು. ಕಾಗದವನ್ನು ಸ್ಕ್ಯಾನ್ ಮಾಡಿ ಏರಿಸಿದ ದಾಖಲೆಗಳದ್ದೂ ಹೆಚ್ಚುಕಡಿಮೆ ಇದೇ ಪಾಡು. ಕೈಗೆ ಸಿಕ್ಕ ಮೇಲೆ ಅದರ ಬರಹವನ್ನು ತೆಗೆಯಲು, ಚಿತ್ರದಲ್ಲಿರುವುದನ್ನು ಗುರುತಿಸುವ ಗೂಗಲ್ ಲೆನ್ಸ್ ಸಾಕು, ಅಚ್ಚಿನ ಕನ್ನಡವನ್ನು ಅದು ಚೆನ್ನಾಗಿಯೇ ಓದುತ್ತದೆ.

ಎರಡನೆಯ ಕಾರಣ, ಒಂದೇ ವಸ್ತುವಿಗೆ ಊರೂರಿಗೆ ಬೇರೆಯಾಗುವ ಹೆಸರು. ನಮ್ಮ ಕಡೆ ಮೆಕ್ಕೆಜೋಳ ಎನ್ನುವುದು ಹಾವೇರಿ, ಧಾರವಾಡದ ಕಡೆ ಗೋವಿನಜೋಳ, ಕೃಷಿ ಇಲಾಖೆಯ ಕಾಗದಗಳಲ್ಲಿ ಹೆಚ್ಚಾಗಿ ಮುಸುಕಿನ ಜೋಳ. ಸೈನಿಕ ಹುಳುವಿನ ಹತೋಟಿಯ ಬಗ್ಗೆ ಇಲಾಖೆಯ ಸಲಹೆ ಬೇಕಾದವರು ಮೂರನೆಯ ಹೆಸರಿನಲ್ಲಿ ಹುಡುಕಿದರೆ ಬೇಗ ಸಿಗುತ್ತದೆ. ದಾವಣಗೆರೆಗೆ ಇಂಗ್ಲಿಷಿನಲ್ಲಿ ನಡುವೆ ಒಂದು ಸ್ವರಾಕ್ಷರವಿರುವ ಬರಹವೂ ಇಲ್ಲದ ಬರಹವೂ ಬಳಕೆಯಲ್ಲಿವೆ, ಎರಡನ್ನೂ ಪ್ರಯತ್ನಿಸಬೇಕು. ಬ್ರಿಟಿಷರ ಕಾಲದ ಇಂಗ್ಲಿಷ್ ಪುಸ್ತಕಗಳಲ್ಲಿ ಚಿತ್ರದುರ್ಗವು ಚಿತಲ್‌ಡ್ರೂಗ್ ಆಗಿದೆ. ಈ ರೂಪ ಗೊತ್ತಿಲ್ಲದವರಿಗೆ ಆ ಪುಸ್ತಕಗಳು ಇಲ್ಲದಂತೆಯೇ ಲೆಕ್ಕ.

ಮೂರನೆಯ ಕಾರಣವನ್ನು ಕೈಪಿಡಿಗಳು ಹೇಳುವುದೇ ಇಲ್ಲ, ಆದರೆ ನಮ್ಮ ಭಾಗದವರಿಗೆ ಬಹಳ ಮುಖ್ಯ. ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ. ಅದಕ್ಕೂ ಮೊದಲು ದಾವಣಗೆರೆ, ಹರಿಹರ, ಜಗಳೂರು ತಾಲ್ಲೂಕುಗಳು ಚಿತ್ರದುರ್ಗ ಜಿಲ್ಲೆಯಲ್ಲಿದ್ದವು, ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗದಲ್ಲಿದ್ದವು. ಹರಪನಹಳ್ಳಿಯಂತೂ ಬಳ್ಳಾರಿಯಿಂದ ದಾವಣಗೆರೆಗೆ ಬಂದು, 2018ರಲ್ಲಿ ಮತ್ತೆ ಬಳ್ಳಾರಿಗೆ ಹೋಗಿ, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಹರಪನಹಳ್ಳಿಯ ಹಳೆಯ ಜನಗಣತಿಯನ್ನೋ ನೀರಾವರಿ ವರದಿಯನ್ನೋ ಹುಡುಕುವವರು ವಿಷಯದ ವರ್ಷ ಯಾವುದು, ಆ ವರ್ಷ ತಾಲ್ಲೂಕು ಯಾವ ಜಿಲ್ಲೆಯಲ್ಲಿತ್ತು ಎಂದು ಮೊದಲು ನೋಡಿಕೊಂಡು ಆ ಜಿಲ್ಲೆಯ ಹೆಸರನ್ನು ಸೇರಿಸಬೇಕು. 1961ರ ಗಣತಿಯನ್ನು ದಾವಣಗೆರೆ ಜಿಲ್ಲೆ ಎಂದು ಹುಡುಕಿದರೆ ಎಂಥ ಸರ್ಚ್ ಎಂಜಿನ್ ಆದರೂ ಏನು ಮಾಡೀತು!

ಸರ್ಚ್ ಎಂಜಿನ್ ಒಳಹೋಗಲಾರದ ಕಡೆ

ಪಹಣಿಯ ಪ್ರಶ್ನೆಗೆ ಬರೋಣ. ಭೂದಾಖಲೆಯ ತಾಣದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮಗಳನ್ನು ಒಂದೊಂದಾಗಿ ಆಯ್ದು ಸರ್ವೆ ನಂಬರ್ ತುಂಬಿದ ಮೇಲಷ್ಟೇ ಪಹಣಿ ತೆರೆಯುತ್ತದೆ. ಕ್ರಾಲರ್ ಕೊಂಡಿಗಳನ್ನು ಹಿಡಿದು ಹೋಗಬಲ್ಲದೇ ಹೊರತು ಹೀಗೆ ಅರ್ಜಿ ತುಂಬಲಾರದು. ಆದ್ದರಿಂದ ಜಮೀನಿನ ಮಾಲೀಕರ ಹೆಸರನ್ನು ಗೂಗಲ್‌ನಲ್ಲಿ ಎಷ್ಟು ಬಗೆಯಲ್ಲಿ ಬರೆದರೂ ಪಹಣಿ ಬರುವುದಿಲ್ಲ. ನ್ಯಾಯಾಲಯದ ಪ್ರಕರಣಗಳ ಸ್ಥಿತಿ ತಿಳಿಸುವ ಇ-ಕೋರ್ಟ್ಸ್ ತಾಣ, ರೈಲಿನ ಪಿಎನ್‌ಆರ್, ಪರೀಕ್ಷಾ ಫಲಿತಾಂಶ, ಗ್ರಂಥಾಲಯಗಳ ಪುಸ್ತಕಪಟ್ಟಿ ಇವೆಲ್ಲ ಇದೇ ಜಾತಿಗೆ ಸೇರಿದವು. ಇದನ್ನು ಡೀಪ್ ವೆಬ್ ಎನ್ನುತ್ತಾರೆ. ಪತ್ರಿಕೆಗಳಲ್ಲಿ ಅಪರಾಧ ಸುದ್ದಿಯ ಜೊತೆ ಬರುವ ಡಾರ್ಕ್ ವೆಬ್ ಬೇರೆ. ಡೀಪ್ ವೆಬ್ಬಿನಲ್ಲಿ ಗುಟ್ಟೇನೂ ಇಲ್ಲ, ಬಾಗಿಲಲ್ಲಿ ಒಂದು ಸಂಖ್ಯೆ ಕೇಳುತ್ತಾರೆ ಅಷ್ಟೇ. ಇಲ್ಲಿ ಸರ್ಚ್ ಎಂಜಿನ್ನಿನ ಕೆಲಸ ಸರಿಯಾದ ಬಾಗಿಲು ತೋರಿಸುವುದು. ಒಳಗಿನ ಹುಡುಕಾಟ ಆ ತಾಣದ ಪೆಟ್ಟಿಗೆಯಲ್ಲಿಯೇ ಆಗಬೇಕು. ಹೋಗುವ ಮುನ್ನ ಸಂಖ್ಯೆ ಕೈಯಲ್ಲಿರಲಿ: ಪಹಣಿಗೆ ಸರ್ವೆ ನಂಬರ್, ಪ್ರಕರಣಕ್ಕೆ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ.

ಧಾರಣೆಯೂ ಹೀಗೆಯೇ. ರಾಜ್ಯದ ಕೃಷಿ ಮಾರಾಟ ವಾಹಿನಿ, ಕೇಂದ್ರದ ಅಗ್‌ಮಾರ್ಕ್‌ನೆಟ್ ತಾಣಗಳಲ್ಲಿ ಮಾರುಕಟ್ಟೆ, ಉತ್ಪನ್ನ, ದಿನಾಂಕ ಆಯ್ದುಕೊಂಡರೆ ಆವಕವೂ ಕನಿಷ್ಠ, ಗರಿಷ್ಠ ಧಾರಣೆಗಳೂ ಹೆಚ್ಚು ವಹಿವಾಟು ನಡೆದ ಧಾರಣೆಯೂ ಸಿಗುತ್ತವೆ. ಗರಿಷ್ಠ ಧಾರಣೆಯನ್ನಷ್ಟೇ ತಲೆಬರಹದಲ್ಲಿ ಕೂಗುವ ವಿಡಿಯೊಗಳಿಗಿಂತ ಈ ಕೊನೆಯ ಅಂಕಿ ರೈತರಿಗೆ ಹೆಚ್ಚು ಉಪಯುಕ್ತ ಎಂಬುದು ನನ್ನ ಅಭಿಪ್ರಾಯ.

ಒಂದೇ ಕ್ಷೇತ್ರಕ್ಕೆ ಮೀಸಲಾದ ಸಾಧನಗಳು

ವಿದ್ಯಾರ್ಥಿಗಳು ಮತ್ತು ಸ್ಥಳೀಯ ಇತಿಹಾಸದ ಆಸಕ್ತರು ಸಾಮಾನ್ಯ ಸರ್ಚ್ ಎಂಜಿನ್ನಿನಲ್ಲಿಯೇ ನಿಂತುಬಿಡಬಾರದು. 2004ರಲ್ಲಿ ಬಂದ ಗೂಗಲ್ ಸ್ಕಾಲರ್ ಸಂಶೋಧನಾ ಲೇಖನಗಳನ್ನೂ ಅವನ್ನು ಮುಂದೆ ಯಾರು ಉಲ್ಲೇಖಿಸಿದ್ದಾರೆ ಎಂಬುದನ್ನೂ ತೋರಿಸುತ್ತದೆ. ಭಾರತದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳು, ವಿಶ್ವವಿದ್ಯಾಲಯ ಗ್ರಂಥಾಲಯಗಳ ಜಾಲವಾದ ಇನ್‌ಫ್ಲಿಬ್‌ನೆಟ್ ನಡೆಸುವ ಶೋಧಗಂಗಾ ತಾಣದಲ್ಲಿವೆ, ಕನ್ನಡದಲ್ಲಿ ಬರೆದವೂ ಅಲ್ಲಿವೆ. ದಾವಣಗೆರೆ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 2009ರಲ್ಲಿ. ಚಿತ್ರದುರ್ಗದ ಪಾಳೆಯಗಾರರ ಬಗ್ಗೆ ಅದಕ್ಕೂ ಹಿಂದಿನ ಪ್ರಬಂಧಗಳು ಬೇಕಾದರೆ ಕುವೆಂಪು, ಮೈಸೂರು ವಿಶ್ವವಿದ್ಯಾಲಯಗಳ ವಿಭಾಗಗಳನ್ನೂ ನೋಡಬೇಕಾಗುತ್ತದೆ. ಹಳೆಯ ಪುಸ್ತಕಗಳಿಗೆ ಇಂಟರ್ನೆಟ್ ಆರ್ಕೈವ್ ಇದೆ. ಎಂ.ಎಚ್. ಕೃಷ್ಣ ಅವರು ನಿರ್ದೇಶಕರಾಗಿದ್ದ ಕಾಲದ ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳನ್ನು ಹುಡುಕಲು ಸರಿಯಾದ ಕಡೆ ಅದು. ಚಂದ್ರವಳ್ಳಿಯ ಶಾಸನ ಚರ್ಚೆಗೆ ಬಂದಿರುವುದು 1929ರ ವರದಿಯಲ್ಲಿ. ಅದೇ ಸಂಸ್ಥೆಯ ವೇಬ್ಯಾಕ್ ಮಷೀನ್‌ನಲ್ಲಿ, ಈಗ ಅಳಿಸಿಹೋದ ಪುಟದ ವಿಳಾಸವನ್ನು ಹಾಕಿದರೆ ಅದು ಹಿಂದೆ ಹೇಗಿತ್ತು ಎಂದು ನೋಡಲು ಎಷ್ಟೋ ಸಲ ಸಾಧ್ಯವಾಗುತ್ತದೆ.

ವಚನಗಳಿಗೆ ವಚನ ಸಂಚಯ ಎಂಬ ತಾಣವಿದೆ. ಒಂದು ಪದ ಕೊಟ್ಟರೆ ಯಾವ ವಚನಕಾರರು ಅದನ್ನು ಎಲ್ಲೆಲ್ಲಿ ಬಳಸಿದ್ದಾರೆ ಎಂದು ತೋರಿಸುತ್ತದೆ. ಬಸವಣ್ಣನವರ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ಗೆ ಬರುವ ಸಾಲು ನಿಜವಾಗಿ ಯಾವುದಾದರೂ ವಚನದಲ್ಲಿದೆಯೇ ಎಂದು ತಿಳಿಯಲು ಅದರ ಅಪರೂಪದ ಒಂದು ಪದವನ್ನು ಅಲ್ಲಿ ಹುಡುಕಿದರೆ ಸಾಕು. ಪದಗಳ ಅರ್ಥಕ್ಕೆ ಅಲರ್ ಕನ್ನಡ-ಇಂಗ್ಲಿಷ್ ನಿಘಂಟು ಮತ್ತು ಭಾರತವಾಣಿ ತಾಣಗಳಿವೆ.

ಚಿತ್ರದಿಂದ ಹುಡುಕುವ ಸಾಧನಗಳನ್ನು ಜನ ಇನ್ನೂ ಸಾಕಷ್ಟು ಬಳಸುತ್ತಿಲ್ಲ. ಹಿರಿಯೂರಿನ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಬಾರಿಗೆ ಕೋಡಿ ಬಿದ್ದದ್ದು 2022ರಲ್ಲಿ. ಪ್ರತಿ ಮಳೆಗಾಲದಲ್ಲೂ ‘ಇದೀಗ ಕೋಡಿ ಬಿದ್ದಿದೆ’ ಎಂಬ ಚಿತ್ರವೊಂದು ಮೊಬೈಲಿಗೆ ಬಂದರೆ ಅದು ಇಂದಿನದೋ ಹಳೆಯದೋ ಎಂದು ನೋಡಲು ಆ ಚಿತ್ರವನ್ನೇ ಗೂಗಲ್ ಲೆನ್ಸ್‌ಗೋ ಟಿನ್‌ಐಗೋ ಕೊಡಬೇಕು. ಟಿನ್‌ಐಯಲ್ಲಿ ಫಲಿತಾಂಶಗಳನ್ನು ಹಳೆಯದು ಮೊದಲು ಎಂದು ಜೋಡಿಸಿಕೊಳ್ಳಬಹುದು. ಎರಡು ವರ್ಷದ ಹಿಂದಿನ ಸುದ್ದಿಯಲ್ಲಿ ಅದೇ ಚಿತ್ರ ಕಂಡರೆ ವಿಷಯ ಅಲ್ಲಿಗೇ ಮುಗಿಯಿತು. ಏನೂ ಸಿಗದಿದ್ದರೆ ಚಿತ್ರ ಹೊಸದು ಎಂದು ಮಾತ್ರ ತೀರ್ಮಾನಿಸಬಾರದು, ಆ ಸಾಧನದ ಸೂಚಿಯಲ್ಲಿ ಅದು ಇಲ್ಲ ಎಂದಷ್ಟೇ ಅರ್ಥ.

ನಕ್ಷೆಯ ಹುಡುಕಾಟದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಬೆಣ್ಣೆದೋಸೆ ಎಂದು ಬರೆದರೆ ಬರುವ ಪಟ್ಟಿ ನೀವು ನಿಂತ ಜಾಗ, ಹೋಟೆಲಿನವರು ತುಂಬಿದ ವಿವರ, ಗಿರಾಕಿಗಳು ಕೊಟ್ಟ ನಕ್ಷತ್ರಗಳನ್ನು ಅವಲಂಬಿಸಿದೆ. ನಕ್ಷೆಯಲ್ಲಿ ಹೆಸರೇ ಇಲ್ಲದ ಒಳ್ಳೆಯ ಹೋಟೆಲುಗಳು ದಾವಣಗೆರೆಯಲ್ಲಿ ಬೇಕಾದಷ್ಟಿರುತ್ತವೆ, ಅದಕ್ಕೆ ಆಟೊದವರನ್ನು ಕೇಳುವುದೇ ವಾಸಿ.

ಹಳೆಯ ಬಗೆಗಳೆರಡನ್ನು ಹೆಸರಿಸಿ ಮುಂದೆ ಹೋಗುತ್ತೇನೆ. ತಾಣಗಳನ್ನು ಮನುಷ್ಯರೇ ಓದಿ ವಿಷಯವಾರು ಜೋಡಿಸಿದ ಡೈರೆಕ್ಟರಿಗಳು ಒಂದು ಕಾಲದಲ್ಲಿ ಜನಪ್ರಿಯವಾಗಿದ್ದವು. 1994ರಲ್ಲಿ ಆರಂಭವಾದ ಯಾಹೂ ಡೈರೆಕ್ಟರಿ 2014ರಲ್ಲಿ, ಸ್ವಯಂಸೇವಕರು ನಡೆಸುತ್ತಿದ್ದ ಡಿಮೋಜ್ 2017ರಲ್ಲಿ ನಿಂತವು. ಸ್ವಂತ ಸೂಚಿಯಿಲ್ಲದೆ ಹಲವು ಎಂಜಿನ್‌ಗಳನ್ನು ಕೇಳಿ ಉತ್ತರ ಒಟ್ಟುಗೂಡಿಸುವವನ್ನು ಮೆಟಾಸರ್ಚ್ ಎನ್ನುತ್ತಾರೆ. ಇಂದು ಬಸ್ಸು, ವಿಮಾನದ ದರ ಹೋಲಿಸುವ ತಾಣಗಳು ನಡೆಯುವುದು ಇದೇ ತತ್ವದ ಮೇಲೆ. ಖಾಸಗಿತನಕ್ಕೆ ಹೆಸರಾದ ಡಕ್‌ಡಕ್‌ಗೋ ತನ್ನ ಫಲಿತಾಂಶಗಳನ್ನು ಬಹುಮಟ್ಟಿಗೆ ಬಿಂಗ್‌ನಿಂದ ಪಡೆಯುತ್ತದೆ, ಆದ್ದರಿಂದ ಬಿಂಗ್‌ನಲ್ಲಿ ಸಿಗದ್ದನ್ನು ಅಲ್ಲಿ ನಿರೀಕ್ಷಿಸುವುದರಲ್ಲಿ ಹೆಚ್ಚಿನ ಅರ್ಥವಿಲ್ಲ.

ಉತ್ತರವನ್ನೇ ಬರೆದು ಕೊಡುವ ಸಾಧನಗಳು

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಕೊಂಡಿಗಳ ಬದಲು ನೇರವಾಗಿ ಉತ್ತರವನ್ನೇ ಬರೆದುಕೊಡುವ ಸಾಧನಗಳು ಎಲ್ಲೆಡೆ ಹರಡಿವೆ. ಇವು ಅಪಾರ ಬರಹವನ್ನು ಓದಿ, ಒಂದು ಪದದ ಮುಂದೆ ಯಾವ ಪದ ಬರುವ ಸಂಭವ ಹೆಚ್ಚು ಎಂದು ಕಲಿತಿರುತ್ತವೆ. ಕೆಲವು ಅದರ ಜೊತೆಗೆ ಜಾಲವನ್ನೂ ಹುಡುಕಿ ಆಧಾರ ಕೊಡುತ್ತವೆ. ಉದ್ದದ ಸುತ್ತೋಲೆಯ ಸಾರ, ಇಂಗ್ಲಿಷ್ ಪತ್ರದ ಕರಡು, ಕಠಿಣ ಪಾಠದ ಸರಳ ವಿವರಣೆ ಇಂಥವಕ್ಕೆ ಇವು ನಿಜಕ್ಕೂ ಒದಗುತ್ತವೆ. ತೊಂದರೆ ಇರುವುದು ಬರಹ ಕಡಿಮೆಯಿರುವ ವಿಷಯಗಳಲ್ಲಿ, ಮತ್ತು ನಮ್ಮ ಊರುಗಳ ವಿಷಯ ಬಹುಪಾಲು ಅಂಥದ್ದೇ. ಚಿತ್ರದುರ್ಗದ ನಾಯಕರಲ್ಲಿ ಮದಕರಿ ಎಂಬ ಹೆಸರಿನವರು ಒಬ್ಬರಿಗಿಂತ ಹೆಚ್ಚು. 1779ರಲ್ಲಿ ಹೈದರ್ ಅಲಿಗೆ ಕೋಟೆ ಕಳೆದುಕೊಂಡವರು ಕೊನೆಯವರು. ಇಂಥ ಕಡೆ ಯಂತ್ರವು ಒಬ್ಬರ ಕೆಲಸವನ್ನು ಇನ್ನೊಬ್ಬರಿಗೆ ಹಚ್ಚಿ, ಎಲ್ಲಿಯೂ ಅಳುಕದ ಭಾಷೆಯಲ್ಲಿ ಹೇಳಿಬಿಡಬಲ್ಲದು; ಇಲ್ಲದ ಪುಸ್ತಕವನ್ನು ಪುಟಸಂಖ್ಯೆಯ ಸಮೇತ ಆಧಾರವಾಗಿಯೂ ಕೊಡಬಲ್ಲದು. ಆದ್ದರಿಂದ ಉತ್ತರದ ಜೊತೆ ಕೊಂಡಿ ಕೊಡುವ ಸಾಧನವನ್ನೇ ಆರಿಸಿ, ಆ ಕೊಂಡಿಯನ್ನು ತೆರೆದು, ಹೇಳಿದ ಮಾತು ಅಲ್ಲಿದೆಯೇ ಎಂದು ಓದಿ ನೋಡಬೇಕು. ಗೂಗಲ್ ಫಲಿತಾಂಶಗಳ ಮೇಲ್ಭಾಗದಲ್ಲಿ ಬರುವ ಎಐ ಸಾರಾಂಶಕ್ಕೂ ಇದೇ ನಿಯಮ. ಔಷಧದ ಪ್ರಮಾಣ, ಕೀಟನಾಶಕದ ಬೆರಕೆ, ನ್ಯಾಯಾಲಯದ ಗಡುವು ಇವನ್ನು ಈ ಸಾಧನಗಳಿಂದ ಕೇಳಿ ಹಾಗೆಯೇ ಜಾರಿಗೆ ತರಬಾರದು.

ಜಾಹೀರಾತು ಮತ್ತು ಮೋಸ

ಫಲಿತಾಂಶಗಳ ಪಟ್ಟಿಯಲ್ಲಿ ‘ಪ್ರಾಯೋಜಿತ’ ಎಂಬ ಗುರುತಿರುವವು ಹಣ ಕೊಟ್ಟು ಪಡೆದ ಜಾಗಗಳು. ಅವೆಲ್ಲ ಮೋಸವಲ್ಲ, ಆದರೆ ಮೋಸಗಾರರಿಗೂ ಆ ದಾರಿ ತೆರೆದಿದೆ. ಬ್ಯಾಂಕಿನ ಅಥವಾ ಕೊರಿಯರ್ ಸಂಸ್ಥೆಯ ಗ್ರಾಹಕ ಸೇವೆಯ ಸಂಖ್ಯೆಯನ್ನು ಹುಡುಕಿದಾಗ ನಕಲಿ ಸಂಖ್ಯೆಗಳು ಎದುರಾಗುವುದು ದೇಶದ ತುಂಬ ಕಂಡುಬಂದ ವಂಚನೆ. ನಕ್ಷೆಯ ವಿವರಗಳಲ್ಲಿಯೂ ಇಂಥ ಸಂಖ್ಯೆಗಳನ್ನು ಸೇರಿಸುತ್ತಾರೆ. ವಿಳಾಸ ಬರೆದು ತೆರೆಯಬೇಕೆಂದು ಮೊದಲು ಹೇಳಿದ್ದು ಇದಕ್ಕಾಗಿಯೇ. ಬ್ಯಾಂಕಿನ ಸಂಖ್ಯೆ ಪಾಸ್‌ಬುಕ್ಕಿನಲ್ಲೋ ಎಟಿಎಂ ಕಾರ್ಡಿನ ಹಿಂಬದಿಯಲ್ಲೋ ಅಚ್ಚಾಗಿರುತ್ತದೆ, ಅದನ್ನೇ ಬಳಸಿ. ಸರ್ಕಾರದ ಸೇವೆಯಾದರೆ ತಾಣದ ವಿಳಾಸ ‘ಗವ್ ಡಾಟ್ ಇನ್’ ಅಥವಾ ‘ನಿಕ್ ಡಾಟ್ ಇನ್’ ಎಂದು ಮುಗಿಯುತ್ತದೆಯೇ ನೋಡಿ. ನಡುವೆ ಆ ಅಕ್ಷರಗಳಿದ್ದು ಕೊನೆಯಲ್ಲಿ ಬೇರೆ ಏನೋ ಇದ್ದರೆ ಅದು ಸರ್ಕಾರದ ತಾಣವಲ್ಲ. ಹಣ ಹೋಗಿಯೇ ಬಿಟ್ಟಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ, ನಂತರ ಬ್ಯಾಂಕಿನ ಶಾಖೆಗೆ ಲಿಖಿತ ದೂರು ಕೊಡಿ.